ಬಿಚ್ಚಿಟ್ಟ ತೊಗಲಿನ ಪಟ್ಟಿ

ಮಂಚದ ಕೆಳಗೆ ಪೊರಕೆ ಚಾಚಿದಾಗ ಪೆಟ್ಟಿಗೆ ಸರಿಯಿತು.

ಜಗದಾಂಬಾ ಗುಡಿಸುವುದನ್ನು ನಿಲ್ಲಿಸಿದಳು. ಪೊರಕೆಗೆ ಜರುಗುವ ಪೆಟ್ಟಿಗೆಯಲ್ಲ ಅದು. ಪ್ರತಿ ಭಾನುವಾರ ಮೊಣಕಾಲೂರಿ ಎರಡೂ ಕೈಯಲ್ಲಿ ನೂಕಿದರೆ ಮಾತ್ರ ಅಲ್ಲಾಡುವಂಥದ್ದು. ಎಳೆದು ಕೊಂಡಿ ತೆಗೆದಳು. ಕೆಂಪು ಮಖಮಲ್ಲಿನಲ್ಲಿ ಗಿಟಾರಿನ ಆಕಾರದ ತಗ್ಗು ಹಾಗೇ ಇತ್ತು. ಗಿಟಾರು ಇರಲಿಲ್ಲ. ಅದರ ತೊಗಲಿನ ಪಟ್ಟಿ ಮಾತ್ರ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿತ್ತು.

"ಅತ್ತೆ!" ಎಂದು ಕೂಗಬೇಕೆಂದುಕೊಂಡಳು. ಕೂಗದೆ ಪಕ್ಕದ ಮನೆಗೆ ಓಡಿದಳು.

ಅದು ಅವಳ ಗಂಡ ಸೋಮಲಿಂಗಪ್ಪನ ಬೇಸ್ ಗಿಟಾರು. ನಾಲ್ಕೇ ತಂತಿ, ತಗ್ಗಿನ ದನಿ. ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ ಅವನು ಅದನ್ನು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಕಂಟೋನ್ಮೆಂಟಿನ ಮುದುಕನೊಬ್ಬನಿಂದ ಕೊಂಡಿದ್ದ. ಇಪ್ಪತ್ತೈದು ವರ್ಷದ ಹಿಂದೆ ಅಮೆರಿಕದಲ್ಲಿ ತಯಾರಾದದ್ದು. ಈ ಊರಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎನ್ನುತ್ತಿದ್ದರು. ಹೋದ ವರ್ಷ, ಎಪ್ಪತ್ತಾರರಲ್ಲಿ, ಕಾಮಾಲೆಯಾಗಿ ಅವನು ತೀರಿಕೊಂಡ. ಮಕ್ಕಳಿಲ್ಲದ ಆ ರಾಜಾಜಿನಗರದ ಮನೆಯಲ್ಲಿ ಅತ್ತೆ, ಸೊಸೆ, ಗಿಟಾರು ಉಳಿದಿದ್ದವು.

ಪಕ್ಕದ ಮನೆಯ ವೆಂಕಟಸ್ವಾಮಿ ಕ್ರೈಂ ಬ್ರಾಂಚಿನಿಂದ ನಿವೃತ್ತರಾದವರು. ಬನಿಯನ್ನಿನ ಮೇಲೆ ಟವೆಲು ಹೊದ್ದು ಬಂದರು.

"ಬೀಗ ಒಡ್ದಿದ್ರಾ?"

"ಇಲ್ಲ ಸಾರ್."

"ಕಿಟಕಿ?"

"ಸರಳು ಹಾಗೇ ಇದಾವೆ."

"ಕೊನೇಲಿ ನೋಡಿದ್ದು ಯಾವಾಗಮ್ಮಾ?"

"ಬುಧವಾರ ಮಧ್ಯಾಹ್ನ, ಒರೆಸಿಟ್ಟೆ. ಆಮೇಲೆ ಪರೀಕ್ಷೆ ಶುರುವಾಯ್ತು, ಸಂಜೆವರೆಗೂ ಸ್ಕೂಲಲ್ಲೇ ಇದ್ದೆ."

ಒರೆಸಿದ್ದು ನಿಜ. ಬಾರಿಸಿದ್ದನ್ನು ಹೇಳಲಿಲ್ಲ.

ಬೆಳಗಿನ ಪಾಳಿಯ ಪಾಠ ಮುಗಿಸಿ ಬಂದು, ಊಟವಾಗಿ, ಅತ್ತೆ ಪಕ್ಕದ ಕೋಣೆಯಲ್ಲಿ ಅಡ್ಡಾದ ಮೇಲೆ ಜಗದಾಂಬಾ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಗಿಟಾರಿನ ತುದಿಯನ್ನು ಗೋಡೆಗಾನಿಸಿದ ಮರದ ಬೀರುವಿಗೆ ಒತ್ತಿ ಹಿಡಿಯುತ್ತಿದ್ದಳು. ಹಾಗೆ ಹಿಡಿದರೆ ಕರೆಂಟಿಲ್ಲದೆಯೂ ಬೀರು ದನಿಗೂಡುತ್ತದೆ ಎಂದು ತೋರಿಸಿಕೊಟ್ಟವನು ಸೋಮಲಿಂಗಪ್ಪ. ಅವನು ಕಲಿಸಿದ್ದು ಒಂದೇ ಸಾಲು. ಅದನ್ನೇ ಮತ್ತೆ ಮತ್ತೆ ಬಾರಿಸುತ್ತಿದ್ದಳು. ಗಂಡ ಸತ್ತವಳು ಮನೆಯಲ್ಲಿ ಕೂತು ಗಿಟಾರು ಬಾರಿಸುತ್ತಾಳೆ ಎಂದರೆ ಯಾರು ಏನೆಂದುಕೊಂಡಾರು? ಅಳುವುದನ್ನಾದರೆ ಜನ ಒಪ್ಪುತ್ತಿದ್ದರು.

"ಮನೆಗೆ ಬರೋರು ಯಾರ್ಯಾರು?"

ಪಾತ್ರೆ ತೊಳೆಯುತ್ತಿದ್ದ ಮುನಿತಾಯಮ್ಮ ಹಿತ್ತಲಿನಿಂದಲೇ ಉತ್ತರ ಕೊಟ್ಟಳು. "ನಾನ್ ಬರ್ತೀನಿ ಸ್ವಾಮಿ, ನನ್ನೇ ಕೇಳಿ. ಆ ಹೆಣಭಾರ ಹೊತ್ಕೊಂಡ್ ಹೋಗಿ ಏನ್ ಮಾಡ್ಲಿ? ಒಗಿಯೋ ಕಲ್ಲು ಮಾಡ್ಕೊಳ್ಳಾ?"

"ಅವಳಲ್ಲ ಸಾರ್, ನಾಣಿ," ಎಂದಳು ಜಗದಾಂಬಾ. "ಇವರ ಜೊತೆ ಬಾರಿಸ್ತಿದ್ದೋನು. ಬಂದಾಗೆಲ್ಲ ಕೊಡಿ ಅತ್ತಿಗೆ, ಕೊಡಿ ಅಂತ ಗೋಗರೀತಾನೆ. ಕಂಪ್ಲೇಂಟ್ ಬರ್ಕೊಡ್ತೀನಿ. ಒಳಗೆ ಹಾಕ್ಸಿ."

"ಮೊದ್ಲು ಕರೆಸೋಣ ತಾಯಿ."

ವಿಜಯನಗರದಿಂದ ನಾಣಿ ಸೈಕಲ್ಲಿನಲ್ಲಿ ಬಂದ. ಬೆಲ್‌ಬಾಟಮ್ಮಿನ ಕಾಲಿಗೆ ಇನ್ನೂ ಕ್ಲಿಪ್ಪು ಕಚ್ಚಿಕೊಂಡಿತ್ತು. ಖಾಲಿ ಪೆಟ್ಟಿಗೆ ನೋಡಿದವನೇ ಅದರ ಪಕ್ಕ ಕೂತು ಮಖಮಲ್ಲಿನ ತಗ್ಗು ಸವರಿದ.

"ಮಾರ್ಬಿಟ್ರಾ ಅತ್ತಿಗೆ?"

"ನಾಟಕ ಬೇಡ ಕಣೋ. ಎಲ್ಲಿಟ್ಟಿದೀಯಾ?"

"ನಾನಾ?" ಅವನು ಅವಳತ್ತ ತಿರುಗಿದ. "ಸೋಮು ಆಸ್ಪತ್ರೇಲಿದ್ದಾಗ ಈ ಮನೆ ಕೀ ನನ್ ಹತ್ರಾನೇ ಇತ್ತು. ಕದಿಯೋನಾಗಿದ್ರೆ ಆಗ್ಲೇ ಕದೀತಿರ್ಲಿಲ್ವಾ?"

ವೆಂಕಟಸ್ವಾಮಿ ನಡುವೆ ಬಂದು ತೊಗಲಿನ ಪಟ್ಟಿ ಎತ್ತಿ ಹಿಡಿದರು.

"ಇದಿಲ್ದೆ ಬಾರಿಸಬೋದೇನಯ್ಯ?"

"ಕೂತ್ಕೊಂಡಾದ್ರೆ ಬಾರಿಸ್ಬೋದು ಸಾರ್. ಸ್ಟೇಜ್ ಮೇಲೆ ಹೆಗಲಿಗೆ ಹಾಕ್ಕೊಳ್ಳೋಕೆ ಇದೇ ಬೇಕು. ಅದೂ ಗಿಟಾರಿನ ಜೊತೇಲೇ ಬಂದಿದ್ದು. ಯಾರ್ ಬಿಟ್ಟೋಗ್ತಾರೆ?"

"ಬಿಚ್ಚೋದು ಸುಲಭವಾ?"

"ಎಲ್ಲಿ ಸಾರ್! ಗುಂಡಿ ದಪ್ಪ, ತೂತು ಬಿಗಿ. ಉಗುರು ಕಿತ್ತೋಗುತ್ತೆ."

ವೆಂಕಟಸ್ವಾಮಿ ತಿರುಗಿದರು. ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತೆ ಶಾಂತವ್ವ ಅವರೆಕಾಯಿ ಸುಲಿಯುತ್ತಿದ್ದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅವಳ ಹೆಬ್ಬೆರಳಿಗೆ ಅರಿಶಿನ ಹತ್ತಿದ ಬಟ್ಟೆ ಸುತ್ತಿತ್ತು.

"ಅಜ್ಜಿ, ಹಾವೇರಿ ಕಡೆ ನಿಮ್ಮೂರಲ್ಲಿ ದನ ಇದ್ವಾ?"

"ಎರಡ ಎಮ್ಮಿ ಇದ್ದೂರಿ."

"ಮಾರಿ ಬಂದ್ರಾ ಬೆಂಗ್ಳೂರಿಗೆ?"

"ಹೌದ್ರಿ."

"ಹಗ್ಗಾನೂ ಕೊಟ್ಬಿಟ್ರಾ?"

"ಹಗ್ಗ ಯಾರರೆ ಕೊಡತಾರೇನ್ರಿ?" ಮುದುಕಿ ಥಟ್ಟನೆ ಎಂದಳು. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

ವೆಂಕಟಸ್ವಾಮಿ ಪಟ್ಟಿಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟರು.

"ಕಳ್ಳನಿಗೆ ಇದನ್ನ ಬಿಚ್ಚೋ ಪುರುಸೊತ್ತಿರಲ್ಲ ತಾಯಿ. ಬಾರಿಸೋನು ಬಿಟ್ಟೋಗಲ್ಲ. ದನ ಮಾರೋವಾಗ ಕೊರಳ ಹಗ್ಗ ಬಿಚ್ಚಿ ಇಟ್ಕೋತೀವಿ — ಕೊಟ್ರೆ ಮನೆ ಲಕ್ಷ್ಮೀನೂ ಅದರ ಹಿಂದೇನೇ ಹೋಗ್ತಾಳೆ ಅಂತ. ಮಾಗಡಿ ಹತ್ರ ನಮ್ಮಪ್ಪಾನೂ ಹಂಗೇ ಮಾಡ್ತಿದ್ರು. ಉಗುರು ಕಿತ್ಕೊಂಡಾದ್ರೂ ಸರಿ, ಪಟ್ಟಿ ಬಿಚ್ಚಿದಾರೆ. ಇದು ಕಳ್ಳತನ ಅಲ್ಲ, ಮಾರಾಟ. ಮಾರಿದೋರು ನಿಮ್ಮತ್ತೆ."

ಹಿತ್ತಲಲ್ಲಿ ನಲ್ಲಿ ಸುರಿಯುತ್ತಿತ್ತು.

"ಗುರುವಾರ ನೀ ಸಾಲಿಗೆ ಹೋದಾಗ ಗಿಟಾರ ಕೇಳಕೋತ ಒಬ್ಬಾಂವ ಬಂದಿದ್ದ," ಎಂದಳು ಶಾಂತವ್ವ. "ಮದ್ರಾಸಿನಾಂವ, ಹೋಟೆಲಿನಾಗ ಬಾರಸಾಕ ಬಂದಾಂವ. ಕಂಬಳ್ಯಾಗ ಸುತ್ತಿಗೊಂಡು ಒಯ್ದ. ಕೊಟ್ಟ ರೊಕ್ಕ ಮಠದ ದಾಸೋಹಕ್ಕ ಹಾಕಿಬಿಟ್ಟೆ."

"ಯಾಕತ್ತೆ?"

"ಸೋಮು ಬರತಿದ್ನವ್ವಾ." ಮುದುಕಿ ಗೋಡೆ ತೋರಿಸಿದಳು. "ಮಧ್ಯಾಹ್ನ ಮಲಗಿದ್ರ ಗೋಡ್ಯಾಗಿಂದ ದುಂ, ದುಂ ಅಂತಿತ್ತು. ನನ್ನ ಮಗಾ ಬಾರಸೂದು ನನಗ ಗೊತ್ತಾಗೂದಿಲ್ಲೇನು? ಎದ್ದು ಬಾಗಲದತನಾ ಹೋಗತಿದ್ದೆ. ತೆರೀಲಾಕ ಧೈರ್ಯ ಸಾಲತಿರಲಿಲ್ಲ. ಲಿಂಗೈಕ್ಯ ಆದ ಜೀವ ಹಿಂಗ ತಂತ್ಯಾಗ ಸಿಕ್ಕೊಂಡು ಒದ್ದಾಡಬಾರದು, ಬಿಡುಗಡಿ ಆಗ್ಲಿ ಅಂತ ಕೊಟ್ಟೆ."

ಜಗದಾಂಬಾಗೆ ಆ ಗೋಡೆಗಾನಿಸಿದ ಬೀರು ನೆನಪಾಯಿತು.

"ಈಗ ಮನಿ ಸುಮ್ಮನಾಗೇತಿ," ಎಂದಳು ಮುದುಕಿ. "ಎರಡ ದಿನದಿಂದ ಬಸ್‌ಸ್ಟಾಪಿನಾಗ ಹೋಗಿ ನಿಂದರತೀನಿ, ಅಂವ ಕಂಡ್ರ ತಿರುಗಿ ಕೊಡಪಾ ಅನ್ನೂಣಂತ. ಹೆಸರ ಸೈತ ಕೇಳಲಿಲ್ಲ ನಾ. ಬಂದ ಕೂಸನ್ನ ನಾನ ಹೊರಗ ಹಾಕಿದೆ."

ನಾಣಿ ಅವಳ ಮುಖ ನೋಡದೆ ಹೇಳಿದ. "ಮದ್ರಾಸಿನ ಬ್ಯಾಂಡು ಶುಕ್ರವಾರಾನೇ ಹೊರಟೋಯ್ತಜ್ಜಿ. ಹಡಗಲ್ಲಿ ಕೆಲಸ ಸಿಕ್ಕಿದೆ ಅಂತಿದ್ರು."

ವೆಂಕಟಸ್ವಾಮಿ ಟವೆಲು ಕೊಡವಿ ಹೊರಟರು. ನಾಣಿ ಹೊಸ್ತಿಲು ದಾಟುವಾಗ ಜಗದಾಂಬಾ, "ತಪ್ಪಾಯ್ತು ಕಣೋ, ಕ್ಷಮಿಸು," ಎಂದಳು. ಅವನು ತಲೆಯಾಡಿಸಿದ, ನಿಲ್ಲಲಿಲ್ಲ.

ಒಳಗೆ ಈಗ ಇಬ್ಬರೇ ಉಳಿದರು.

"ಖರೇ ಹೇಳವ್ವಾ," ಎಂದಳು ಶಾಂತವ್ವ. "ನನಗ ಭ್ರಮಿ ಆಗಿತ್ತೇನು? ನಿನಗ ಒಂದ ಸಲನೂ ಕೇಳಿಸಲಿಲ್ಲಾ?"

ನಿಜ ನಾಲಿಗೆಯ ತುದಿಗೇ ಬಂದಿತ್ತು. ಬಾರಿಸಿದ್ದು ನಾನು ಎಂದರೆ ಮುದುಕಿಯ ಎದೆಯಿಂದ ಒಂದು ಭಾರ ಇಳಿದೀತು. ಮಗನನ್ನು ಹೊರಗೆ ಹಾಕಿದ ಪಾಪ ಉಳಿಯದು. ಆದರೆ ಹಾಗೆಂದರೆ, ಮಧ್ಯಾಹ್ನ ಮಧ್ಯಾಹ್ನ ಗೋಡೆಯಾಚೆ ಬಂದು ಕೂರುತ್ತಿದ್ದ ಮಗನೂ ಉಳಿಯುವುದಿಲ್ಲ. ಅವನು ಬಂದೇ ಇರಲಿಲ್ಲ ಎಂದಾಗುತ್ತದೆ. ಆ ತಾಯಿ ಅವನನ್ನು ಒಮ್ಮೆ ಮಣ್ಣು ಮಾಡಿ ಬಂದಿದ್ದಾಳೆ.

"ಕೇಳಿಸ್ತಿತ್ತು ಅತ್ತೆ," ಎಂದಳು ಜಗದಾಂಬಾ. "ದಿನಾ ಕೇಳಿಸ್ತಿತ್ತು. ಒದ್ದಾಟ ಏನಿರ್ಲಿಲ್ಲ. ನಿಮ್ಮನ್ನ ನೋಡ್ಕೊಂಡು ಹೋಗೋಕೆ ಬರ್ತಿದ್ರು, ಅಷ್ಟೆ."

ಮುದುಕಿ ಅವಳ ಕೈ ಹಿಡಿದುಕೊಂಡು ಅತ್ತಳು. ಇನ್ನು ತಾನೂ ಆ ಮಧ್ಯಾಹ್ನಗಳನ್ನು ಬಾರಿಸುತ್ತಿದ್ದವನು ಅವನೇ ಎಂದೇ ನೆನೆಯಬೇಕು ಎಂದು ಜಗದಾಂಬಾ ಮನಸ್ಸಿನಲ್ಲೇ ನಿಶ್ಚಯಿಸಿದಳು. ಆಮೇಲೆ ಎದ್ದು ಒಲೆ ಹಚ್ಚಲು ಒಳಗೆ ಹೋದಳು.