ಸಿಡುಕವ್ವನ ಉಪ್ಪಿಟ್ಟು

ಮೊದಲ ತುತ್ತಿಗೇ ಚೇತನಕುಮಾರನ ಕಣ್ಣಲ್ಲಿ ನೀರು ಬಂತು!

ಎದುರಿಗೆ ನಿಂತಿದ್ದ ಶೈಲಶ್ರೀ ತಲೆ ತಗ್ಗಿಸಲಿಲ್ಲ. ತನ್ನನ್ನು ನೋಡಲು ಬಂದ ವರನನ್ನೇ ನೆಟ್ಟಗೆ ನೋಡುತ್ತಿದ್ದಳು.

'ತಿನ್ನು... ಚಲೋತ್ನಾಗಿ ತಿನ್ನು!'

"ಉಪ್ಪಿಟ್ಟು ಭಾಳ ರುಚಿ ಆಗೇತ್ರಿ," ಎಂದರು ಹುಡುಗನ ಸೋದರಮಾವ ಬಸಂತರಾಯರು. ಅವರ ತಟ್ಟೆಯದು ರುಚಿಯಾಗಿಯೇ ಇತ್ತು. ಅರೆದ ಹಸಿಮೆಣಸಿನಕಾಯಿ ಸೇರಿದ್ದು ಒಂದೇ ಒಂದು ತಟ್ಟೆಗೆ.

ಅಯ್ಯೋ, ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಪರಪ್ಪನವರ ಮಗಳು ಇಂಥ ಕೆಲಸ ಮಾಡುವವಳೇ? ಮಾಡಿದಳಪ್ಪಾ! ಯಾಕೆಂದು ಕೇಳಿ.

ಅದು ಎರಡು ಸಾವಿರದ ಎಂಟನೇ ಇಸವಿ. ಶೈಲಶ್ರೀ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಮಧ್ಯಾಹ್ನ ಹುಡುಗರು ಊಟಕ್ಕೆ ಹೋದರೆ ಸಾಕು, 'ಹರಟೆಕಟ್ಟೆ' ಎಂಬ ಬ್ಲಾಗ್ ತೆರೆಯುತ್ತಿದ್ದಳು. ಬ್ಲಾಗಿನ ಬರಹ ಓದುವವರು ಕಡಿಮೆ, ಮಂದಿ ಮುಗಿಬೀಳುತ್ತಿದ್ದದ್ದು ಕೆಳಗಿನ ಕಾಮೆಂಟುಗಳಿಗೆ. ಅಲ್ಲಿ ಇವಳ ಹೆಸರು 'ಸಿಡುಕವ್ವ'. ಇವಳಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದವನು 'ಸೋಮಾರಿ ಮಾಸ್ತರ'.

"ಸಿಡುಕವ್ವಾರ, ನಿಮ್ಮ ಗಂಡ ಆಗಾಂವ ಹೆಲ್ಮೆಟ್ ಹಾಕ್ಕೊಂಡ ಮಲಗಬೇಕ್ರಿ!"

"ನಿಮ್ಮ ಹೆಂಡ್ತಿ ಆಗಾಕಿ ಮುಂಜಾನೆ ನಿಮ್ಮನ್ನ ಎಬ್ಬಸಾಕ ಬ್ಯಾಂಡ್ ಕರಸಬೇಕ್ರಿ!"

ಇವಳು ಊರು ಕೇಳಲಿಲ್ಲ, ಅವನು ಹೆಸರು ಹೇಳಲಿಲ್ಲ. ಆದರೂ ಅವನ ಕಾಮೆಂಟ್ ಬಾರದ ದಿನ ಶೈಲಶ್ರೀಗೆ ರೊಟ್ಟಿ ಸೇರುತ್ತಿರಲಿಲ್ಲ. ಮುಖವನ್ನೇ ಕಾಣದವನಿಗೆ ಮನಸ್ಸು ಕೊಟ್ಟು ಕೂತಿದ್ದಳು ಹುಚ್ಚಿ!

ಶನಿವಾರ ಅವನು ಬರೆದಿದ್ದ: "ಮಾಮಾನ ಕಾಟಕ್ಕ ನಾಳೆ ಕನ್ಯಾ ನೋಡಾಕ ಹೊಂಟೇನಿ. ಇಂಡಿಯೊಳಗ ನಿಂಬಿ ವ್ಯಾಪಾರಿ ಮಗಳಂತ, ಕಂಪ್ಯೂಟರ್ ಕಲಸ್ತಾಳಂತ. ಉಪ್ಪಿಟ್ಟು ತಿಂದು, 'ಊರಿಗೆ ಹೋಗಿ ತಿಳಸ್ತೇವಿ' ಅಂತ ಹೇಳಿ ಬರಾಂವ!"

ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ತಿಳಿಸುವುದೂ ಇಲ್ಲ, ಗಿಳಿಸುವುದೂ ಇಲ್ಲ.

ಶೈಲಶ್ರೀ ಅದನ್ನು ಎರಡು ಸಲ ಓದಿದಳು. ತನ್ನನ್ನು ನೋಡಲು ನಾಳೆ ಬರುತ್ತಾನೆಂದು ಅಪ್ಪ ಹೇಳಿದ್ದ ಸಿಂದಗಿಯ ಮಾಸ್ತರ ಇವನೇ! ಮನಸ್ಸು ಕೊಟ್ಟವನು ಮನೆ ಬಾಗಿಲಿಗೆ ಬರುತ್ತಿದ್ದಾನೆ... ಬರುವ ಮೊದಲೇ ಒಲ್ಲೆ ಅಂದಿದ್ದಾನೆ!

ಸಿಟ್ಟಿನಲ್ಲಿ ಟೈಪ್ ಮಾಡಿದಳು: "ಹುಡುಗಿ ಜಾಣಿ ಇದ್ರ ನಿಮ್ಮ ತಾಟಿಗೆ ಅಷ್ಟ ಹಸಿಮೆಣಸಿನಕಾಯಿ ಅರದು ಹಾಕ್ತಾಳ!"

ಆ ಹುಡುಗಿ ನಾನೇ ಎಂದು ಹೇಳಲು ಮಾತ್ರ ಅಭಿಮಾನ ಬಿಡಲಿಲ್ಲ.

ಈಗ ಚೇತನಕುಮಾರ ಎರಡನೇ ತುತ್ತು ತಿಂದ. ತಟ್ಟೆ ನೋಡಿದ. ತಲೆಯೆತ್ತಿ ಶೈಲಶ್ರೀಯನ್ನು ನೋಡಿದ. ನೋಡಿಯೇ ನೋಡಿದ... ಆಮೇಲೆ ಬೆವರು ಒರೆಸಿಕೊಳ್ಳುತ್ತ ತಟ್ಟೆಯನ್ನು ಪೂರ್ತಿ ಬಳಿದುಬಿಟ್ಟ!

"ಇನ್ನಷ್ಟ ಹಾಕ್ರಿ," ಎಂದ.

ಅವಳಿಗೆ ಅಳುವೇ ಬಂತು. ಹಿತ್ತಲಿಗೆ ಓಡಿದಳು. ಪರಪ್ಪನವರು ಗಾಬರಿಯಾದರು.

"ಕಾಕಾ, ನಾ ಅವರ ಜೋಡಿ ಎರಡ ಮಾತ ಆಡ್ಲೇನ್ರಿ?" ಎಂದು ಕೇಳಿ, ಅವರು ಹೂಂ ಅಂದ ಮೇಲೆ ಚೇತನಕುಮಾರ ಅವಳ ಹಿಂದೆಯೇ ಬಂದ.

"ಸಿಡುಕವ್ವಾರ..."

"ಬಾಯಿ ಉರಿಯಾಕತ್ತೇತೇನ್ರಿ?" ಕಣ್ಣೊರೆಸಿಕೊಂಡು ಅಡುಗೆಮನೆಯಿಂದ ತಂದಿದ್ದ ಬೆಲ್ಲದ ತುಂಡು ಮುಂದೆ ಹಿಡಿದಳು. "ನೋಡೂಕಿಂತ ಮೊದಲ ಒಲ್ಲೆ ಅಂದ್ರೆಲ್ಲ... ಹೆಣ್ಮಕ್ಕಳಂದ್ರ ನಿಮಗ ನಗಿ-ಚ್ಯಾಷ್ಟಿ ಏನ್ರಿ?"

"ಚ್ಯಾಷ್ಟಿ ಅಲ್ರಿ. ಸಿಡುಕವ್ವನ್ನ ಬಿಟ್ಟು ಬ್ಯಾರೆ ಯಾರಿಗೂ ಹೂಂ ಅನ್ನಾಕ ಮನಸ್ಸಿರ್ಲಿಲ್ಲ. ಆಕಿ ಎಲ್ಲಿ ಅದಾಳ, ಯಾರ ಮಗಳು, ಏನೂ ಗೊತ್ತಿರ್ಲಿಲ್ಲ."

ಶೈಲಶ್ರೀ ಅವನತ್ತ ತಿರುಗಿದಳು. ನನಗಾಗಿ... ನನ್ನನ್ನೇ ಒಲ್ಲೆ ಅನ್ನಲು ಬಂದಿದ್ದನೇ?

"ಅಲ್ಲೇ ಬರೀಬೇಕಿತ್ತಲ್ರಿ!"

"ಅಷ್ಟು ಮಂದಿ ಓದ್ತಾರ್ರಿ. ನೀವು ಎಲ್ಲಾರ ಮುಂದ ನಕ್ಕಬಿಟ್ರ? ಕಾಡಸೂದು ಸಸಾರ ಇತ್ತು. ಇದನ್ನ ಬರಿಯಾಕ ಅಂಜಿಕಿ ಆತು."

ಬೆಲ್ಲ ಅವನ ಕೈಯಲ್ಲೇ ಇತ್ತು.

"ನನ್ನ ಮಾತ ಮುಗೀತ್ರಿ. ಇನ್ನ ನಿಮ್ಮದು."

ಒಂದಕ್ಕೆ ಹತ್ತು ಅನ್ನುತ್ತಿದ್ದ ಶೈಲಶ್ರೀಗೆ ಬಾಯೇ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಏನಾರ ಅನ್ರಿ... ಬೈರಿ ಬೇಕಾರ! ನೀವು ಸುಮ್ನಿದ್ರ ನನಗ ಹೆದರಿಕಿ ಬರ್ತೇತಿ."

"ಒಳಗ ನಡೀರಿ," ಎಂದಳು ಮೆಲ್ಲಗೆ, "ಅಪ್ಪಗ ನೀವ ಹೇಳ್ರಿ... ನನಗ ನಾಚಿಕಿ ಆಗ್ತೇತಿ."