ಯಾವ ‘ಆಯ್ತು’?

"ನಮಸ್ಕಾರ, ಸಹಾಯವಾಣಿಗೆ ಸ್ವಾಗತ. ಹೇಳಿ ಸರ್, ನಿಮ್ಮ ಮಷೀನಿಗೆ ಏನಾಗಿದೆ?"

ಆ ಕಡೆಯಿಂದ ಮಾತಿಲ್ಲ. ಗುಂಯ್... ಎಂದು ಒಂದೇ ಸಮನೆ ಪಂಪು ಮೊರೆಯುವ ಸದ್ದು ಮಾತ್ರ.

"ಸರ್? ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದಿತು ಗಂಡು ಧ್ವನಿ. "ಡಿಶ್‌ವಾಷರ್ರು... ನೀರು ಹೊರಗೆ ಹಾಕ್ತಾನೇ ಇದೆ. ಒಳಗೆ ಒಂದು ಹನಿ ಇಲ್ಲ. ಆದ್ರೂ ಹಾಕ್ತಾನೇ ಇದೆ."

ಅವಳ ಬೆರಳು ಕೀಲಿಮಣೆಯ ಮೇಲೆಯೇ ನಿಂತುಬಿಟ್ಟಿತು.

ಅವನೇ... ಬೇಕರಿಯವನು. ಬನ್ನಿನ ತಟ್ಟೆ ಹಿಡಿದು ನಗುತ್ತಿದ್ದವನು. ಮದುವೆಯಾಗೋಣ ಬಾ ಎಂದು ಬಸ್‌ಸ್ಟ್ಯಾಂಡಿಗೆ ಕರೆದು, ತಾನೇ ಬಾರದೆ ಹೋದವನು.

ಆ ದಿನ ಅವಳು ಬೆಳಗಿನಿಂದ ದೀಪ ಹತ್ತುವವರೆಗೆ ಕೆಟ್ಟುಹೋದ ತೂಕದ ಯಂತ್ರದ ಪಕ್ಕ ನಿಂತಿದ್ದಳು. ಮನೆಗೆ ಮರಳಿದಾಗ ಅವಳ ಫೋನು ಚಿಕ್ಕಮ್ಮನ ಕೈಯಲ್ಲಿತ್ತು. "ನಿನ್ನವನ ಮೆಸೇಜು ಬಂದಿದೆ, ಓದ್ತೀನಿ ಕೇಳು," ಎಂದು ಬೀದಿಗೆಲ್ಲ ಕೇಳುವ ಹಾಗೆ ಓದಿದ್ದಳು ಚಿಕ್ಕಮ್ಮ. ‘ಒಳ್ಳೇದಾಗ್ಲಿ.’ ಅಷ್ಟೇ. ಒಂದೇ ಪದ.

ಆಮೇಲೆ ಅವನ ನಂಬರೂ ಇಲ್ಲ, ಅವನು ಆ ಊರಲ್ಲೂ ಇಲ್ಲ. ಚಿಕ್ಕಮ್ಮ ನೋಡಿದ್ದ ಗಂಡಿನ ಕಡೆಯವರು ಸುದ್ದಿ ಕೇಳಿ ಬೆನ್ನು ತಿರುಗಿಸಿದರು. ಅಪ್ಪ ಅಮ್ಮ ಇಲ್ಲದ ಹುಡುಗಿಗೆ ಮನೆಯಲ್ಲಿ ಹೊಸ ಹೆಸರು ಬಿತ್ತು, ‘ಬಸ್‌ಸ್ಟ್ಯಾಂಡ್ ರಾಣಿ’. ಇವತ್ತು ಬೆಳಗ್ಗೆಯೂ ಪಾತ್ರೆಯ ರಾಶಿ ಮುಗಿಸಿ ಹೊರಟಾಗ ಚಿಕ್ಕಮ್ಮ ಕೂಗಿದ್ದಳು, "ರಾಣಿಯವರ ಸವಾರಿ ಹೊರಟಿತಾ? ದಾರೀಲಿ ಎಲ್ಲೂ ನಿಂತುಬಿಡ್ಬೇಡಿ, ಆಮೇಲೆ ಬೇರು ಬಿಟ್ಟೀತು."

ಈಗ ಆ ‘ಒಳ್ಳೇದಾಗ್ಲಿ’ಯವನೇ ಕಿವಿಯೊಳಗೆ ಉಸಿರಾಡುತ್ತಿದ್ದಾನೆ!

ಫೋನಿಟ್ಟುಬಿಡಲೇ?

ಇಡುವಂತಿಲ್ಲ. ಗ್ರಾಹಕ ಬೈಯಲಿ, ಅಳಲಿ, ಫೋನು ಮೊದಲು ಇಡುವವನು ಅವನೇ ಆಗಬೇಕೆಂಬುದು ಅಲ್ಲಿಯ ನಿಯಮ. ಯಾರು ಯಾವಾಗ ಕದ್ದು ಕೇಳುತ್ತಾರೋ ಗೊತ್ತಿಲ್ಲ. ಮೇಲ್ವಿಚಾರಕಿಗೆ ಹುಡುಗಿಯರೆಲ್ಲ ‘ಕಿವಿ ಮೇಡಂ’ ಎಂದು ಹೆಸರಿಟ್ಟಿದ್ದೇ ಅದಕ್ಕೆ.

ಅವಳಿಗೆ ಮಷೀನಿನ ರೋಗ ಆಗಲೇ ತಿಳಿದಿತ್ತು. ಒಳಗೆ ನೀರಿಲ್ಲದೆಯೂ ಪಂಪು ಓಡುತ್ತಿದೆಯೆಂದರೆ ಮಷೀನಿನ ತಳದ ತಟ್ಟೆಗೆ ನೀರು ಇಳಿದಿದೆ. ಅಲ್ಲೊಂದು ಬಿಳಿ ಥರ್ಮಕೋಲಿನ ತೇಲುಬಿಲ್ಲೆ ಇರುತ್ತದೆ. ಅದು ಮೇಲೆದ್ದರೆ ಮಷೀನು ಮನೆ ಮುಳುಗಿತೆಂದು ಹೆದರಿ ಪಂಪು ಬಿಟ್ಟುಕೊಳ್ಳುತ್ತದೆ. ಆದರೆ ತಳದ ನೀರಿಗೆ ಪಂಪಿನ ಬಾಯಿ ಎಟುಕುವುದಿಲ್ಲ. ಹಾಗಾಗಿ ಅದು ನಿಲ್ಲುವುದೂ ಇಲ್ಲ. ಬಟ್ಟೆಯಲ್ಲಿ ಹಿಂಡಿ ತೆಗೆದರೆ ಮುಗಿಯಿತು.

ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ನಿಮಗಾದ ತೊಂದರೆಗೆ ಕ್ಷಮೆ ಇರಲಿ ಸರ್," ಎಂದಳು. ಹಾಳಾದ ಬಾಯಿ, ಅವನ ಹತ್ತಿರವೇ ಕ್ಷಮೆ ಕೇಳಿತು! "ಮೊದಲು ಜಾಲರಿ ಬಿಚ್ಚಿ ಉಜ್ಜಿ ತೊಳೀರಿ. ಆಯ್ತಾ?"

"...ಆಯ್ತು."

"ಇನ್ನೊಂದ್ಸಲ ತೊಳೀರಿ. ಆಯ್ತಾ?"

"ಆಯ್ತು."

ಅಷ್ಟರಲ್ಲಿ ಆ ಕಡೆ ಒಬ್ಬ ಹೆಂಗಸಿನ ದನಿ. "ಖಾಲಿ ಹೊಟ್ಟೇಲಿ ವಾಂತಿ ಮಾಡೋ ಹಾಗೆ ಮಾಡ್ತಿದೆಯಲ್ಲೋ. ಇನ್ನೂ ನಿಲ್ಲಲಿಲ್ವಾ?"

"ಸ್ವಲ್ಪ ಇರಿ ಅತ್ತೆ..."

ಅತ್ತೆ.

ಅತ್ತೆ ಇದ್ದಾಳೆಂದರೆ ಅತ್ತೆಯ ಮಗಳೂ ಇದ್ದಾಳೆ. ಅಡುಗೆಮನೆ ಇದೆ, ಪಾತ್ರೆ ತೊಳೆಯಲು ಮಷೀನಿದೆ. ತಾನು ಬೆರಳು ಬಿರಿಯುವ ಹಾಗೆ ಚಿಕ್ಕಮ್ಮನ ಬಾಣಲೆ ತಿಕ್ಕುತ್ತಿದ್ದಾಗ ಅವನ ಹೆಂಡತಿ ಗುಂಡಿ ಒತ್ತಿ ಕೂತಿದ್ದಾಳೆ!

"ಸರ್, ನೀರು ಹೊರಗೆ ಹೋಗೋ ಪೈಪ್ ಇದೆಯಲ್ಲ, ಅದನ್ನ ಬಿಚ್ಚಿ. ಅದಕ್ಕೆ ಬಾಯಿಟ್ಟು ಊದಿ."

"ಬಾಯಿ... ಇಟ್ಟಾ?"

"ಹೌದು ಸರ್. ಜೋರಾಗಿ."

ಅಂಥ ಉಪಾಯ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಆ ಪೈಪಿನಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು. ಹಳಸಿದ ಜಿಡ್ಡು, ಕೊಳೆತ ಅಗುಳು, ಬಚ್ಚಲ ವಾಸನೆ.

ಊದುವುದು ಕೇಳಿಸಿತು. ಕೆಮ್ಮುವುದು, ಉಗುಳುವುದು ಕೇಳಿಸಿತು. ಅವಳು ಕಣ್ಣು ಮುಚ್ಚಿ ಕೇಳಿದಳು. ಕುಡಿ... ನನಗೆ ಕುಡಿಸಿದ್ದನ್ನ ನೀನೂ ಸ್ವಲ್ಪ ಕುಡಿ.

"ಆಯ್ತಾ ಸರ್?"

"ಆಯ್ತು," ಎಂದ ಅವನು. ಕೋಪವಿಲ್ಲ, ಬೇಸರವಿಲ್ಲ. "ಇನ್ನೊಂದ್ಸಲ ಊದ್ಲಾ?"

"ಬೇಡ. ಪ್ಲಗ್ ಕೀಳಿ, ನಲ್ಲಿ ನಿಲ್ಸಿ. ಮುಂದೆ ಕೆಳಗಿರೋ ಪಟ್ಟಿ ಬಿಚ್ಚಿ ನೋಡಿ. ತಟ್ಟೇಲಿ ನೀರಿದೆಯಾ?"

"ಇದೆ. ನೊರೆನೂ ಇದೆ. ಅತ್ತೆ, ಇದಕ್ಕೇನು ಹಾಕಿದ್ರಿ?"

"ಪುಡಿ ಮುಗಿದಿತ್ತು ಕಣೋ. ಸಿಂಕ್ ಹತ್ರ ಇರೋ ಸೋಪಿನ ನೀರೇ ಹಾಕ್ದೆ. ಸೋಪು ಸೋಪೇ ತಾನೆ? ಹೀಗಾಡಿದ್ರೆ ನಿಂಗೆ ಹೆಣ್ಣು ಯಾರು ಕೊಡ್ತಾರೆ? ನಿಮ್ಮಪ್ಪನೂ ಹೀಗೇ, ತಂಗಿ ಏನ್ಮಾಡಿದ್ರೂ ತಪ್ಪು ಹುಡುಕೋನು."

ತಂಗಿ. ಅವನ ಅಪ್ಪನ ತಂಗಿ... ಸೋದರತ್ತೆ!

ಅವಳು ತುಟಿ ಕಚ್ಚಿಕೊಂಡಳು. "ಕೈ ತೊಳೆಯೋ ಸೋಪು ಹಾಕಿದ್ರೆ ನೊರೆ ಉಕ್ಕಿ ತಳಕ್ಕೆ ಇಳಿಯುತ್ತೆ ಸರ್. ಬಟ್ಟೇಲಿ ಹೀರಿಸಿ ಹಿಂಡಿ. ತಟ್ಟೆ ಒಣಗಿದ ಮೇಲೆ ಪ್ಲಗ್ ಹಾಕಿ."

ಬಕೆಟ್ಟಿಗೆ ನೀರು ಹಿಂಡುವ ಸದ್ದು. ತುಂಬ ಹೊತ್ತು. ಆಮೇಲೆ ‘ಟಕ್’ ಎಂದು ಪ್ಲಗ್ಗಿನ ಸದ್ದು.

ಪಂಪು ಸುಮ್ಮನಿತ್ತು.

"ನಿಲ್ತು," ಎಂದ. ಆ ಮೌನದಲ್ಲಿ ಅವನ ದನಿ ತೀರಾ ಹತ್ತಿರ ಬಂದಂತಿತ್ತು. "ನೀವು ‘ಹೇಳಿ’ ಅಂದಾಗ್ಲೇ ಗುರುತು ಸಿಕ್ಕಿತ್ತು. ಪೈಪ್ ಊದೋದು ಸುಳ್ಳು ಅಂತಾನೂ ಗೊತ್ತಿತ್ತು."

"ಮತ್ತೆ ಯಾಕೆ ಊದಿದ್ರಿ?"

"ನೀವು ಹೇಳಿದ್ರಲ್ಲ." ತಡೆದು ಕೇಳಿದ, "ನಿಮ್ಮ ಮನೆಯವರು ಚೆನ್ನಾಗಿದ್ದಾರಾ? ಗಂಡ...?"

"ಯಾವ ಗಂಡ?"

"ನೀನೇ ಬರೆದಿದ್ದೆಯಲ್ಲ, ‘ಆಯ್ತು’ ಅಂತ."

ಕದ್ದು ಕೇಳುವ ಕಿವಿಗಳೆಲ್ಲ ಅವಳಿಗೆ ಮರೆತುಹೋದವು. "ಬಸ್‌ಸ್ಟ್ಯಾಂಡಿಗೆ ಬರ್ತೀಯಾ ಅಂತ ನೀನು ಕೇಳಿದ್ದೆ. ಅದಕ್ಕೆ ನಾನು ಆಯ್ತು ಅಂದೆ. ಬಂದೆ. ದಿನವಿಡೀ ನಿಂತೆ."



"ಅದಾದ್ಮೇಲೆ ಇನ್ನೊಂದು ಕೇಳಿದ್ನಲ್ಲ..." ಅವನ ಮಾತು ತೊದಲಿತು. "ನಿಮ್ಮನೇಲಿ ಆ ಹುಡುಗನ್ನ ಒಪ್ಪಿದ್ರು ಅಂತ ಬೇಕರೀಲಿ ಯಾರೋ ಅಂದ್ರು. ಜೀವ ಹೋದ ಹಾಗಾಯ್ತು. ‘ನಿನ್ನ ಮದುವೆ ನಿಶ್ಚಯ ಆಯ್ತಾ?’ ಅಂತ ಕೇಳ್ದೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ನಿಂದು ಬಂತು. ‘ಆಯ್ತು.’"

ಅವಳು ಆ ಎರಡನೆಯ ಪ್ರಶ್ನೆಯನ್ನು ನೋಡಿಯೇ ಇರಲಿಲ್ಲ. ಮೊದಲನೆಯದಕ್ಕೆ ‘ಆಯ್ತು’ ಒತ್ತಿದ ಕೂಡಲೇ ಚಿಕ್ಕಮ್ಮ ಫೋನು ಕಿತ್ತುಕೊಂಡಿದ್ದಳು, ಮರಳಿ ಕೊಡುವಾಗ ಎಲ್ಲವನ್ನೂ ಅಳಿಸಿದ್ದಳು.

ಚಿಕ್ಕಮ್ಮ. ಎರಡು ಪ್ರಶ್ನೆ, ಒಂದು ‘ಆಯ್ತು’, ಮೂರನ್ನೂ ಈ ಕಡೆ ಸಾಲಾಗಿ ಓದಿದ್ದವಳು ಅವಳೊಬ್ಬಳೇ.

"ನಾಳೆ ಬಾ," ಎಂದಳು ಅವಳು. ದನಿ ಕಲ್ಲಿನಂತಿತ್ತು. "ಅದೇ ಬಸ್‌ಸ್ಟ್ಯಾಂಡು. ಅದೇ ತೂಕದ ಯಂತ್ರ. ನಾನು ಬರ್ತೀನಿ ಅಂತ ಹೇಳ್ತಿಲ್ಲ. ನೀನು ಬಂದು ಕಾಯಿ."

ಅವನು ಉತ್ತರಿಸುವ ಮೊದಲೇ ಗುಂಡಿ ಒತ್ತಿದಳು. ಫೋನು ಮೊದಲು ಇಟ್ಟವಳು ಅವಳೇ!

ತಿರುಗಿದರೆ ಹಿಂದೆ ಕಿವಿ ಮೇಡಂ.

"ಪೈಪ್ ಊದೋದು ಯಾವ ಪುಟದಲ್ಲಿದೆ?"

"ಎಲ್ಲೂ ಇಲ್ಲ ಮೇಡಂ."

"ನಂಗೂ ಗೊತ್ತು. ಕತೆ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬಂತು." ಕಣ್ಣು ಒಣಗಿತ್ತು. "ಹೆಡ್‌ಫೋನ್ ಅಲ್ಲೇ ಬಿಟ್ಟು ಹೊರಡು. ಆ ಕುರ್ಚಿಗೆ ಬೇರೆಯವಳು ಬರ್ತಾಳೆ."

ಮನೆಯಲ್ಲಿ ಚಿಕ್ಕಮ್ಮ ಬಟಾಣಿ ಸುಲಿಯುತ್ತಿದ್ದಳು.

"ಅವತ್ತು ಅವನು ಎರಡು ಪ್ರಶ್ನೆ ಕೇಳಿದ್ದ. ನೀವು ಎರಡೂ ಓದಿದ್ರಿ ಅಲ್ವಾ?"

ಚಿಕ್ಕಮ್ಮನ ಬೆರಳು ನಿಲ್ಲಲಿಲ್ಲ. "ಓದಿದ್ದೆ."

"ಯಾಕೆ ಹೇಳ್ಲಿಲ್ಲ?"

"ಓಡಿಹೋಗೋಳಿಗೆ ದಾರಿ ಹೇಳಿಕೊಡೋಕೆ ನಾನೇನು ಕಂಡಕ್ಟರಾ? ನಾನು ತೋರಿಸಿದ ಗಂಡೂ ಕೈಬಿಟ್ಟ. ಒಳ್ಳೇದೇ ಆಯ್ತು ಬಿಡು, ನೀನು ಹೋಗಿದ್ರೆ ಈ ಮನೇಲಿ ಪಾತ್ರೆ ಯಾರು ತೊಳೀತಿದ್ರು?" ಸಿಪ್ಪೆಯನ್ನು ಅವಳ ಕಾಲ ಬಳಿಗೆ ಸರಿಸಿದಳು. "ಇದನ್ನ ಎತ್ತಿ ಹಾಕು."

ಅವಳು ಎತ್ತಲಿಲ್ಲ. ಬಟ್ಟೆ ಜೋಡಿಸಲು ಒಳಗೆ ಹೋದಳು.

ಮಾರನೆಯ ದಿನ ಅವನು ಮೊದಲ ಬಸ್ಸಿಗೇ ಬಂದಿಳಿದ. ತೂಕದ ಯಂತ್ರದ ಪಕ್ಕ ನಿಂತ.

ಅವಳು ಎದುರಿನ ಚಪ್ಪಲಿ ಅಂಗಡಿಯೊಳಗೆ ಕೂತು ನೋಡಿದಳು. ಬಿಸಿಲು ಅವನ ನೆತ್ತಿಗೆ ಬಂತು, ಆಮೇಲೆ ಕೆನ್ನೆಗೆ ಇಳಿಯಿತು. ಬಸ್ಸುಗಳು ಬಂದವು, ಹೋದವು. ನೀರು ಮಾರುವವನು ಕರೆದರೂ ಅವನು ಕದಲಲಿಲ್ಲ. ಅಂಗಡಿಯವನು, "ಏನಮ್ಮಾ, ಅಂಗಡಿ ಪೂರ್ತಿ ಕಾಲಿಗೆ ಹಾಕಿ ನೋಡಿದ್ರಿ, ಒಂದೂ ಹಿಡಿಸ್ಲಿಲ್ವಾ?" ಎಂದು ಗೊಣಗಿದ.

ದೀಪ ಹತ್ತುವವರೆಗೆ ನಿಲ್ಲಿಸಬೇಕು. ನನ್ನಷ್ಟೇ ನಿಲ್ಲಬೇಕು. ಹಾಗಂತ ಹಟ ತೊಟ್ಟೇ ಬಂದಿದ್ದಳು.

ಆದರೆ ಅವನು ಕಾಲು ಸೋತು ಆ ಯಂತ್ರಕ್ಕೆ ಒರಗಿದಾಗ, ಅಲ್ಲಿ ಒರಗಿದ್ದು ತಾನೇ ಎನ್ನಿಸಿಬಿಟ್ಟಿತು. ಅಂದು ತನ್ನ ಕಡೆ ಯಾರೂ ನಡೆದು ಬಂದಿರಲಿಲ್ಲ...

ಎದ್ದು ರಸ್ತೆ ದಾಟಿದಳು.

"ತುಂಬ ಹೊತ್ತಾಯ್ತಾ?"

"ಇಲ್ಲ. ಈಗ ಬಂದೆ."

"ಸುಳ್ಳು. ಚಪ್ಪಲಿ ಅಂಗಡಿಯಿಂದ ನೋಡ್ತಾನೇ ಇದ್ದೆ."

"ಗೊತ್ತು. ಅಂಗಡಿ ಕನ್ನಡೀಲಿ ನೀನು ಕಾಣ್ತಿದ್ದೆ."

"ಗೊತ್ತಿದ್ದೂ ರಸ್ತೆ ದಾಟಲಿಲ್ವಾ?"

"ನೀನು ಕಾಯಿ ಅಂದಿದ್ದೆ." ಅವನ ತುಟಿ ಒಣಗಿ ಬಿರಿದಿತ್ತು. "ಅವತ್ತೇ ಬಂದು ಕಣ್ಣಾರೆ ನೋಡಬೇಕಿತ್ತು. ಒಂದು ಪದ ನಂಬಿ ನಿನ್ನನ್ನ ಬಿಟ್ಟು ಹೋದೆ. ಆದ್ರೂ ನನ್ನೊಳಗೆ ನೀನಿಲ್ಲದ ದಿನ ಇರ್ಲಿಲ್ಲ. ನೀನು ಬೈದ್ರೂ ಸರಿ, ಹೊಡೆದ್ರೂ ಸರಿ."

"ಬೈಯೋಕೆ ಇಡೀ ಜೀವನ ಇದೆ." ಅವಳ ಕಣ್ಣು ತುಂಬಿತು. ಕೈಚೀಲ ಅವನ ಕಾಲ ಬಳಿ ಇಟ್ಟಳು. "ಕೆಲಸ ಹೋಯ್ತು. ಮನೆಗೆ ವಾಪಸ್ ಹೋಗಲ್ಲ."

"ನಮ್ಮತ್ತೆ ಇವತ್ತೂ ಅದೇ ಸೋಪು ಹಾಕ್ತೀನಿ ಅಂತ ಕೂತಿದ್ದಾರೆ. ಹೇಳೋಕೆ ಒಬ್ಬರು ಬೇಕು." ಅವನು ಚೀಲ ಎತ್ತಿಕೊಂಡ. "ಬರ್ತೀಯಾ?"

ಅವಳ ಬಾಯಿ ಅಭ್ಯಾಸದಂತೆ ತೆರೆಯಿತು. "ಆ..."

ಅವನು ತಟ್ಟನೆ ಅವಳ ತುಟಿಯ ಮುಂದೆ ಕೈ ಹಿಡಿದ. "ಆ ಪದ ಬೇಡ. ಕೈ ಮುಗೀತೀನಿ, ಅದೊಂದು ಬೇಡ."

ಅವಳು ಅವನ ಕೈಯನ್ನು ಕೆಳಗಿಳಿಸಿದಳು. ಬಿಡಲಿಲ್ಲ.

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ನಡಿ, ಬಸ್ಸು ಹೊರಡುತ್ತೆ."