ಕಾವಿಗೆ ಕೂರದ ಜಾತಿ

ಅತ್ತಿಗೆ ಐದು ಬಿಳಿ ಫಾರಂ ಕೋಳಿ ತಂದ ದಿನ, ಹಿತ್ತಲಿನ ಎರಡು ನಾಟಿ ಕೋಳಿಗಳಲ್ಲಿ ಯಾವುದನ್ನು ಕೊಯ್ಯೋಣ ಎಂದು ಕೇಳಿದರು. ನಾನು ಕರಿ ಕೋಳಿಯ ಕಡೆ ಕೈ ತೋರಿಸಿದೆ. ಅದು ಮೊಟ್ಟೆ ಇಡುವುದು ಬಿಟ್ಟು ಸದಾ ಕಾವಿಗೆ ಕೂರುತ್ತಿತ್ತು. ಅದನ್ನು ಕೊಯ್ದು, ಇನ್ನೊಂದನ್ನು ಪಕ್ಕದ ಮನೆಗೆ ಕೊಟ್ಟೆವು.

"ಇವು ಕಾವಿಗೆ ಕೂರೋ ಜಾತಿ ಅಲ್ಲ ಕಣೇ. ದಿನಾ ಮೊಟ್ಟೆ ಇಟ್ಟು ಎದ್ದು ಹೋಗ್ತವೆ, ನಿಮ್ಮಣ್ಣ ತಿಂದು ಎದ್ದು ಹೋಗೋ ಹಾಗೆ," ಎಂದು ಅತ್ತಿಗೆ ನಕ್ಕರು.

ಒಂದು ವಾರ ಹಾಗೆಯೇ ನಡೆಯಿತು. ಆಮೇಲೆ ಐದೂ ಕೋಳಿಗಳು ಮೊಟ್ಟೆ ಬುಟ್ಟಿಯ ಹತ್ತಿರ ಸುಳಿಯದೆ ಬೇಲಿಗೆ ಅಂಟಿಕೊಂಡು ನಿಂತವು. ಮೊಟ್ಟೆ ನಿಂತೇಹೋಯಿತು.

"ಇನ್ನೆರಡು ದಿನ ನೋಡ್ತೀನಿ. ಆಮೇಲೆ ಎಲ್ಲಾನೂ ಅಂಗಡಿಗೆ ಕೊಟ್ಬಿಡ್ತೀನಿ," ಎಂದರು ಅತ್ತಿಗೆ.

ಶಾಲೆ ಬಿಟ್ಟ ನನಗೆ ಆ ಮನೆಯಲ್ಲಿ ನನ್ನದು ಎನ್ನುವ ಕೆಲಸ ಕೋಳಿ ನೋಡಿಕೊಳ್ಳುವುದೊಂದೇ. ಮಧ್ಯಾಹ್ನ ಹುಲ್ಲು ಬದಲಿಸಲು ಖಾಲಿ ಬುಟ್ಟಿಗೆ ಕೈ ಹಾಕಿದೆ. ಹುಲ್ಲು ಬೆಚ್ಚಗಿತ್ತು. ಅದರ ಅಡಿಯಲ್ಲಿ, ಕರಿ ಕೋಳಿ ಇಡುತ್ತಿದ್ದಂಥ ಮೂರು ಕಂದು ಮೊಟ್ಟೆಗಳಿದ್ದವು. ಕೈ ಹೊರಗೆ ತೆಗೆದಾಗ ಬೆರಳ ಗೆಣ್ಣಿನ ಮೇಲೆ ಕುಕ್ಕಿದ ಗಾಯವಿತ್ತು.

ಮೊಟ್ಟೆಗಳನ್ನು ಒಳಗೆ ಒಯ್ದೆ. ಅತ್ತಿಗೆ ಒಂದನ್ನು ಕಿವಿಗೆ ಹಿಡಿದರು. ಅವರ ಮುಖ ಬಿಳಿಚಿಕೊಂಡಿತು.

"ವಾಪಸ್ ಇಡು," ಎಂದರು.

ಕೋಳಿ ಮಾರುವ ಮಾತು ಆಮೇಲೆ ಬರಲಿಲ್ಲ. ಅವರಿಗೆ ಕೇಳಿಸಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಮೊಟ್ಟೆಯೊಳಗೆ ಮರಿ ಚಿಂವ್‌ಗುಟ್ಟುತ್ತಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಹುಂಜ ಇಲ್ಲ.